ಆಫ್ರಿಕಾಕ್ಕೆ ಹೋಗುವವರಿಗೆ ಹುಣಸೂರಿನಲ್ಲೇ ನೆರವು ಸಿಗಲಿ

ಸಂಪಾದಕರೇ,

ಹುಣಸೂರಿನಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ನನ್ನ ಹತ್ತಿರ ಬರುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇವರ ಬೇಟೆ ಕಸುಬು ಹೋಯಿತು. ಈಗ ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ.

ಮೊನ್ನೆ ಒಬ್ಬ ಹೆಣ್ಣುಮಗಳು ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದ್ದರು. ಕೆಲಸ ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟರು. "ಬಡ್ಡಿ ಎಷ್ಟಾಯ್ತು ನೋಡಿ ಅಣ್ಣ" ಅಂದರು. ಹೋದ ಸಲ ಟಿಕೆಟ್‌ಗೆ ಮಾಡಿದ ಕೈಸಾಲ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ. ವರ್ಷಕ್ಕೆ ಅರವತ್ತಾಯಿತು ಅಲ್ವಾ? ಅಲ್ಲಿ ಬಿಸಿಲಲ್ಲಿ ಬೀದಿ ಸುತ್ತಿ ದುಡಿದ ದುಡ್ಡಿನಲ್ಲಿ ಅವರ ಮನೆಗೆ ಉಳಿದದ್ದು ಏನು ಅಂತ ಲೆಕ್ಕ ಹೇಳಲು ನನಗೆ ಬಾಯಿ ಬರಲಿಲ್ಲ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಕ್ಕಿಬಿದ್ದರು. 'ಆಪರೇಷನ್ ಕಾವೇರಿ'ಯಲ್ಲಿ ಸರ್ಕಾರ 3,862 ಜನರನ್ನು ಅಲ್ಲಿಂದ ಪಾರು ಮಾಡಿತು. ಅದು ದೊಡ್ಡ ಕೆಲಸ, ಮರೆಯುವ ಹಾಗಿಲ್ಲ. ಆದರೆ ಹೊರಡುವ ಮುಂಚೆ ಇವರನ್ನು ಕೇಳುವವರು ಯಾರಾದರೂ ಇದ್ದರಾ?

ನಮ್ಮ ವಲಸೆ ಕಾಯ್ದೆ 1983ರದ್ದು. ಹತ್ತನೇ ತರಗತಿ ಪಾಸಾಗದವರು ಸುಡಾನ್, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಹಾಗೆ ಹೋಗುವವರಿಗೆ 10 ಲಕ್ಷ ರೂಪಾಯಿ ವಿಮೆಯೂ ಉಂಟು. ಎರಡು ವರ್ಷಕ್ಕೆ ಕಂತು ಬರೀ 275 ರೂಪಾಯಿ. ಒಳ್ಳೆಯ ಏರ್ಪಾಡೇ. ಆದರೆ ಇದೆಲ್ಲ ಅಲ್ಲೊಬ್ಬ ಮಾಲೀಕ, ಕೈಯಲ್ಲೊಂದು ಕರಾರು ಪತ್ರ ಇದ್ದವರಿಗೆ. ಬ್ಯಾಗು ಹೆಗಲಿಗೇರಿಸಿಕೊಂಡು ತಾವೇ ಮಾರಾಟಕ್ಕೆ ಹೊರಡುವವರು ಈ ಲೆಕ್ಕಕ್ಕೇ ಬರುವುದಿಲ್ಲ.

ಸುಮ್ನೆ ಹೋಗಬೇಡಿ ಅಂದರೆ ಆಗುವುದಿಲ್ಲ. ಅವರ ಮನೆಗಳಿಗೆ ತಾರಸಿ ಬಂದದ್ದು, ಮಕ್ಕಳು ಕಾಲೇಜು ಸೇರಿದ್ದು ಆ ದುಡ್ಡಿನಿಂದಲೇ. ಕೇರಳ 1996ರಲ್ಲೇ ವಲಸೆ ಹೋದವರಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿತು. ನಾವು ಅಷ್ಟು ದೊಡ್ಡದು ಕೇಳುತ್ತಿಲ್ಲ. ಹುಣಸೂರು ತಾಲ್ಲೂಕು ಕಚೇರಿಯಲ್ಲಿ ಒಂದು ಮೇಜು, ಒಬ್ಬ ಗುಮಾಸ್ತ ಸಾಕು. ಯಾರು ಯಾವ ದೇಶಕ್ಕೆ ಹೋಗುತ್ತಿದ್ದಾರೆ ಅಂತ ಬರೆದುಕೊಳ್ಳಲಿ. ಅಲ್ಲಿನ ನಮ್ಮ ರಾಯಭಾರ ಕಚೇರಿಯ ಫೋನ್ ನಂಬರ್ ಕೈಗೆ ಕೊಡಲಿ. ಅದೇ ವಿಮೆ ಇವರಿಗೂ ಸಿಗುವಂತೆ ಕೇಂದ್ರಕ್ಕೆ ಬರೆಯಲಿ. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಸಾಲ. ಇವರು ಪರಿಶಿಷ್ಟ ಪಂಗಡದವರು. ವಾಲ್ಮೀಕಿ ಅಭಿವೃದ್ಧಿ ನಿಗಮದ ಮೂಲಕ ಟಿಕೆಟ್‌ಗೂ ಸರಕಿಗೂ ಕಡಿಮೆ ಬಡ್ಡಿಯ ಸಾಲ ಕೊಡಿಸಲಿ.

ಆ ಹೆಣ್ಣುಮಗಳು ದೀಪಾವಳಿ ಕಳೆದ ಮೇಲೆ ಮತ್ತೆ ಹೊರಡುತ್ತಾರಂತೆ. ಅಷ್ಟರೊಳಗೆ ಆ ಮೇಜಾದರೂ ಬರಲಿ ಎಂದು ಜಿಲ್ಲಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

— ಅರ್ಜಿ ಬರಹಗಾರ, ಹುಣಸೂರು