ನಾಯಿ ಕಚ್ಚಿದರೆ ತಳಿಯೊಂದೇ ಹೊಣೆಯೇ?

ಮಾನ್ಯ ಸಂಪಾದಕರೇ,

ಸಾಕುನಾಯಿ ಯಾರನ್ನಾದರೂ ಕಚ್ಚಿದ ಸುದ್ದಿ ಬಂದಾಗಲೆಲ್ಲ ನಿಮ್ಮ ಓದುಗರ ವಿಭಾಗದಲ್ಲಿ ಎರಡು ಬಗೆಯ ಪತ್ರಗಳು ಪ್ರಕಟವಾಗುವುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಕೆಲವರು ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತ, ಇಂಥಿಂಥ ತಳಿಗಳನ್ನು ಸಾಕುವುದನ್ನೇ ನಿಷೇಧಿಸಬೇಕೆಂದು ಒತ್ತಾಯಿಸುತ್ತಾರೆ. ಇನ್ನು ಕೆಲವರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಕೇಳಿ, ತಪ್ಪೆಲ್ಲ ಸಾಕಿದವರದೇ, ತಳಿಗೂ ಸ್ವಭಾವಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸುತ್ತಾರೆ. ಹತ್ತು ವರ್ಷಗಳಿಗೂ ಮೇಲ್ಪಟ್ಟು ಮುಧೋಳ ತಳಿಯ ನಾಯಿಯೊಂದರ ಜೊತೆ ಬದುಕಿರುವ ನನಗೆ ಈ ಎರಡು ಗಾದೆಗಳೂ ನಾಯಿಯ ವಿಷಯದಲ್ಲಿ ನಿಜವೆಂದೇ ಕಂಡಿವೆ. ಆದರೆ ಅವು ನಾಯಿಯ ಬೇರೆ ಬೇರೆ ಗುಣಗಳಿಗೆ ಅನ್ವಯಿಸುವ ಮಾತುಗಳು. ಯಾವುದು ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಬಿಡಿಸಿಕೊಳ್ಳದೆ ಕಾನೂನು ಮಾಡಹೊರಟರೆ ಅದರಿಂದ ಯಾವ ಮಗುವಿಗೂ ರಕ್ಷಣೆ ಸಿಗಲಾರದೆಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ವಿಷಯವನ್ನೇ ಹೇಳುತ್ತೇನೆ. ನಮ್ಮ ಚಿಗರಿಯನ್ನು ನಾನು ತಂದದ್ದು ಮುಧೋಳದ ಸಮೀಪದ ಹಳ್ಳಿಯೊಂದರ ರೈತ ಕುಟುಂಬದಿಂದ. ಮರಿಗೆ ಒಂದು ತಿಂಗಳಾಗಿದ್ದಾಗ ನೋಡಿ, ಅಂದೇ ಕೊಂಡೊಯ್ಯುವ ಉತ್ಸಾಹದಲ್ಲಿದ್ದ ನನಗೆ ಆ ಮನೆಯ ಹಿರಿಯ ಹೆಣ್ಣುಮಗಳು, “ತಾಯಿ ತಾನ ದೂರ ಮಾಡ್ಲಿ, ಆಮ್ಯಾಲ ಒಯ್ಯಾಕ ಬರ್ರಿ” ಎಂದು ಹೇಳಿ ಕಳಿಸಿದರು. ಇನ್ನೂ ಒಂದು ತಿಂಗಳು ಕಾಯಬೇಕಾಯಿತು. ಆ ತಿಂಗಳಲ್ಲಿ ಮರಿ ತನ್ನ ಒಡಹುಟ್ಟಿದವುಗಳ ಜೊತೆ ಕಾದಾಡುತ್ತ, ಗಟ್ಟಿಯಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ ಎಂಬುದನ್ನು ಕಲಿಯಿತು. ಅತಿಯಾದಾಗ ತಾಯಿ ಗದರಿತು. ಹಟ್ಟಿಯ ಮಕ್ಕಳು, ಬಂದುಹೋಗುವ ನೆಂಟರು, ಎತ್ತಿನ ಗಾಡಿ, ಟ್ರ್ಯಾಕ್ಟರ್ ಸದ್ದು ಎಲ್ಲವೂ ಅದಕ್ಕೆ ಪರಿಚಯವಾದವು. ಈ ಪಾಠವನ್ನು ಧಾರವಾಡದ ನನ್ನ ಮನೆಯಲ್ಲಿ ನಾನು ಎಷ್ಟೇ ಹೆಣಗಿದ್ದರೂ ಕಲಿಸಲಾಗುತ್ತಿರಲಿಲ್ಲ ಎಂಬುದು ನನಗೆ ಅರಿವಾದದ್ದು ಬಹಳ ತಡವಾಗಿ.

ಚಿಗರಿ ಇಂದಿನವರೆಗೆ ಒಬ್ಬ ಮನುಷ್ಯನಿಗೂ ಹಲ್ಲು ತಾಗಿಸಿಲ್ಲ. ಅಪರಿಚಿತರು ಮೈಮುಟ್ಟಲು ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ. ಈ ತಳಿಯನ್ನು ಬಲ್ಲವರೆಲ್ಲ ಹೇಳುವ ಬಿಗುಮಾನ ಅದು. ಆದರೆ ಅದಕ್ಕೆ ಎಂಟು ತಿಂಗಳಾಗಿದ್ದಾಗ, ಗೇಟಿನ ಸಂದಿಯಿಂದ ಓಡಿದ ಪಕ್ಕದ ಮನೆಯ ಬೆಕ್ಕನ್ನು ನಾನು ಕೂಗುವಷ್ಟರಲ್ಲಿ ಹಿಡಿದು ಕೊಂದುಹಾಕಿತು. ಪ್ರೀತಿಯಿಂದ ಬೆಳೆಸಿದರೆ ಬೇಟೆಯ ಬುದ್ಧಿ ಅಡಗುತ್ತದೆಂದು ನಾನು ನಂಬಿದ್ದೆ, ಹಗ್ಗವಿಲ್ಲದೆ ಅಂಗಳಕ್ಕೆ ಬಿಟ್ಟಿದ್ದೆ. ಆ ತಪ್ಪು ಸಂಪೂರ್ಣವಾಗಿ ನನ್ನದು. ದೂರದಲ್ಲಿ ಅಲುಗಿದ್ದನ್ನು ಕಣ್ಣಿನಿಂದಲೇ ಗುರುತಿಸಿ, ಬೆನ್ನಟ್ಟಿ, ಹಿಡಿಯುವುದಕ್ಕಾಗಿಯೇ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ ಅದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆ ಇಲಾಖೆ ಅಂಚೆಚೀಟಿಯ ಮೇಲೆ ಮುದ್ರಿಸಿದ ಈ ನಾಯಿಯ ಉದ್ದನೆಯ ಮೂತಿ, ಆಳವಾದ ಎದೆ, ಸಣ್ಣ ಸೊಂಟ ಎಲ್ಲವೂ ಓಟಕ್ಕಾಗಿ ಆದವು. ಮೈಯನ್ನು ಹಾಗೆ ರೂಪಿಸಿದವರು ಮನಸ್ಸನ್ನು ಹಾಗೆಯೇ ಬಿಟ್ಟಿರುತ್ತಾರೆಂದು ಭಾವಿಸಿದ್ದು ನನ್ನ ಅಜ್ಞಾನ. ಬೆನ್ನಟ್ಟುವ ಗುಣ ತಳಿಯಿಂದ ಬಂದದ್ದು. ಅದನ್ನು ಹಗ್ಗದಿಂದ ತಡೆಯಬಹುದು, ತರಬೇತಿಯಿಂದ ಸ್ವಲ್ಪ ತಿರುಗಿಸಬಹುದು, ಅಳಿಸಲಾಗದು.

ಇದೇ ಬೀದಿಯಲ್ಲಿ ಇನ್ನೊಂದು ಮನೆಯವರು ಲ್ಯಾಬ್ರಡಾರ್ ಸಾಕಿದ್ದರು. ‘ಮಕ್ಕಳಿರುವ ಮನೆಗೆ ಇದೇ ಸರಿಯಾದ ತಳಿ’ ಎಂದು ಮಾರಿದವರು ಹೇಳಿದ್ದರಂತೆ. ತಾಯಿಯಿಂದ ಬೇರ್ಪಡಿಸಿದಾಗ ಆ ಮರಿಗೆ ಐದು ವಾರವೂ ತುಂಬಿರಲಿಲ್ಲ. ದೊಡ್ಡದಾದ ಮೇಲೆ ಅದು ತನ್ನ ದಿನವನ್ನೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ, ಎರಡು ಮಾರುದ್ದದ ಸರಪಳಿಯಲ್ಲಿ ಕಳೆಯಿತು. ಶಾಲೆಗೆ ಹೋಗುವ ಹುಡುಗರು ಕಲ್ಲೆಸೆದು ಕೆಣಕುತ್ತಿದ್ದರು. ಒಂದು ಭಾನುವಾರ ಸರಪಳಿ ಕಳಚಿದಾಗ ಅದು ಕಚ್ಚಿದ್ದು ಎಂದೂ ಕಲ್ಲೆಸೆಯದ ಆರು ವರ್ಷದ ಒಂದು ಮಗುವನ್ನು. ಎರಡು ನಾಯಿಗಳ ಕಥೆಯಿಂದ ಸಿದ್ಧಾಂತ ಕಟ್ಟಲಾಗದೆಂದು ನಾನು ಬಲ್ಲೆ. ಆದರೆ ಬೇಟೆ ನಾಯಿ ಮಕ್ಕಳ ನಡುವೆ ನಿದ್ದೆ ಮಾಡುವುದನ್ನೂ ಸಾಧುವೆಂದು ಹೆಸರಾದ ನಾಯಿ ಮಗುವಿನ ತೋಳು ಸೀಳುವುದನ್ನೂ ಒಂದೇ ಬೀದಿಯಲ್ಲಿ ಕಂಡ ಮೇಲೆ, ಈ ವಿಷಯದಲ್ಲಿ ತಿಳಿದವರು ಏನು ಹೇಳುತ್ತಾರೆಂದು ಹುಡುಕಿ ಓದಲು ತೊಡಗಿದೆ.

ಅಮೆರಿಕದ ವಿಜ್ಞಾನಿಗಳ ತಂಡವೊಂದು 2022ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅವರು 18,385 ನಾಯಿಗಳ ವರ್ತನೆಯ ಬಗ್ಗೆ ಅವುಗಳ ಯಜಮಾನರಿಂದ ಉತ್ತರ ಪಡೆದು, 2,155 ನಾಯಿಗಳ ವಂಶವಾಹಿಗಳನ್ನೂ ಓದಿ ತಾಳೆ ನೋಡಿದರು. ನಾಯಿಯಿಂದ ನಾಯಿಗೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು 9 ಶೇಕಡಾ ಮಾತ್ರ ಎಂದು ಅವರಿಗೆ ಕಂಡಿತು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಗಳ ನಡುವೆ ಒಂದಿಷ್ಟು ಅಂತರವಿತ್ತು; ಆದರೆ ಭಯವಾದಾಗ, ಕಿರಿಕಿರಿಯಾದಾಗ ನಾಯಿ ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ಅದರ ತಳಿಯ ಹೆಸರಿನಿಂದ ಊಹಿಸುವುದು ಬಹುಮಟ್ಟಿಗೆ ಅಸಾಧ್ಯವೆಂದು ತಿಳಿದುಬಂತು. ನಾವು ಹೆದರುವುದು ಈ ಕೆರಳುವಿಕೆಗೇ ಅಲ್ಲವೇ?

ಹಾಗೆಂದು ರಕ್ತದಲ್ಲಿ ಏನೂ ಹರಿದುಬರುವುದಿಲ್ಲವೆಂದು ಅರ್ಥವಲ್ಲ. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಆರಂಭಿಸಿದ ನರಿಗಳ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಮನುಷ್ಯರನ್ನು ಕಂಡರೆ ಕಡಿಮೆ ಹೆದರುವ ನರಿಗಳನ್ನಷ್ಟೇ ಆಯ್ದು, ತಲೆಮಾರಿನಿಂದ ತಲೆಮಾರಿಗೆ ಅವುಗಳಿಂದಲೇ ಮರಿ ಮಾಡಿಸುತ್ತ ಹೋದಾಗ, ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುತ್ತ ಕೈ ನೆಕ್ಕುವ ನರಿಗಳು ಹುಟ್ಟಿದವು. ಕ್ರೂರವಾಗಿದ್ದವುಗಳನ್ನು ಆಯ್ದು ಬೆಳೆಸಿದ ಇನ್ನೊಂದು ಸಾಲಿನ ಮರಿಗಳು, ಸಾಧು ತಾಯಂದಿರ ಮಡಿಲಲ್ಲಿ ಬೆಳೆದರೂ ಕ್ರೂರವಾಗಿಯೇ ಉಳಿದವು. ಎರಡೂ ಸಾಲು ಒಂದೇ ಜಾತಿಯ ನರಿಗಳೇ ಎಂಬುದನ್ನು ಗಮನಿಸಬೇಕು. ಸ್ವಭಾವ ಹರಿದುಬರುವುದು ತಂದೆ ತಾಯಿಯಿಂದ. ಮರಿಯ ಜೊತೆ ಕೊಡುವ ಪತ್ರದಲ್ಲಿ ಬರೆದ ತಳಿಯ ಹೆಸರು ಅದಕ್ಕೆ ಸಾಕ್ಷಿಯಾಗಲಾರದು. ಒಂದೇ ತಳಿಯಲ್ಲಿ ಸಾಧು ತಾಯಿಯ ಮರಿಯೂ ಇರುತ್ತದೆ, ಅಂಜುಬುರುಕ ತಾಯಿಯ ಮರಿಯೂ ಇರುತ್ತದೆ. ಮರಿ ಕೊಳ್ಳಲು ಹೋದವರಲ್ಲಿ ಎಷ್ಟು ಜನ ತಾಯಿಯನ್ನು ತೋರಿಸಿರೆಂದು ಕೇಳುತ್ತಾರೆ?

ಬೆಳೆಸುವಿಕೆಯ ಪಾಲು ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷ್ಯವಿದೆ. ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯೇ ಮರಿ ತನ್ನವರು ಯಾರು, ಹೆದರಬೇಕಾದದ್ದು ಯಾವುದು ಎಂಬುದನ್ನು ನಿರ್ಧರಿಸಿಕೊಳ್ಳುವ ಕಾಲವೆಂದು ಗುರುತಿಸಿದರು. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎತ್ತರದ ಬೇಲಿ ಹಾಕಿದ ಬಯಲಿನೊಳಗೆ ಮನುಷ್ಯರ ಸಂಪರ್ಕವೇ ಇಲ್ಲದಂತೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಅವುಗಳನ್ನು ಒಂದೊಂದು ವಾರ ಮನುಷ್ಯರ ಬಳಿಗೆ ತಂದರು. ಏಳನೆಯ ವಾರದ ಹೊತ್ತಿಗೆ ಬಂದವು ಬೇಗ ಹೊಂದಿಕೊಂಡವು. ಹದಿನಾಲ್ಕು ವಾರ ತುಂಬುವವರೆಗೆ ಮನುಷ್ಯರನ್ನೇ ಕಾಣದವು ಕಾಡುಪ್ರಾಣಿಗಳಂತೆ ಹೆದರಿ ದೂರವೇ ಉಳಿದವು. ಹೆದರಿದ ನಾಯಿಗೆ ಓಡಲು ದಾರಿಯಿಲ್ಲದಿದ್ದರೆ ಅದು ಕಚ್ಚುತ್ತದೆ. ಸರಪಳಿ ಆ ದಾರಿಯನ್ನು ಮುಚ್ಚುತ್ತದೆ.

ಈ ಹಿನ್ನೆಲೆಯಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಕಳಿಸಿದ ಸುತ್ತೋಲೆಯನ್ನು ನೋಡಬೇಕೆಂದು ಓದುಗರಲ್ಲಿ ಕೋರುತ್ತೇನೆ. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕೊರ್ಸೊ ಮುಂತಾಗಿ 23 ತಳಿಗಳ ಆಮದು, ಮಾರಾಟ, ಸಂತಾನಾಭಿವೃದ್ಧಿಯನ್ನು ತಡೆಯಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ಅದರ ಹಿಂದಿನ ಕಾಳಜಿಯನ್ನು ನಾನು ಹಗುರವಾಗಿ ಕಾಣಲಾರೆ: 2022ರಲ್ಲಿ ಲಖನೌದಲ್ಲಿ ವೃದ್ಧೆಯೊಬ್ಬರು ತಮ್ಮ ಮನೆಯ ಪಿಟ್‌ಬುಲ್‌ನಿಂದಲೇ ಪ್ರಾಣ ಕಳೆದುಕೊಂಡರು. ಆದರೆ ಪಟ್ಟಿಯಲ್ಲಿ ‘ಟೆರಿಯರ್‌ಗಳು’ ಎಂದು ಸಗಟಾಗಿ ಬರೆದದ್ದೂ ಇತ್ತು, ಆ ಗುಂಪಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವಷ್ಟು ಪುಟ್ಟ ಯಾರ್ಕ್‌ಷೈರ್ ಟೆರಿಯರ್ ಕೂಡ ಸೇರುತ್ತದೆ. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ನಮ್ಮ ಹೈಕೋರ್ಟು 2024ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಬ್ರಿಟನ್ 1991ರಲ್ಲಿ ನಾಲ್ಕು ತಳಿಗಳನ್ನು ನಿಷೇಧಿಸಿತು. ಮೂರು ದಶಕ ಕಳೆದ ಮೇಲೆ ಮತ್ತೊಂದು ಬಗೆಯ ದೈತ್ಯ ನಾಯಿಯನ್ನು ಆ ಪಟ್ಟಿಗೆ ಸೇರಿಸಬೇಕಾಯಿತು. ಒಂದು ಹೆಸರನ್ನು ತಡೆದರೆ, ಭಯ ಹುಟ್ಟಿಸುವ ನಾಯಿಯೇ ಬೇಕೆನ್ನುವವನು ಇನ್ನೊಂದು ಹೆಸರಿನದನ್ನು ತರುತ್ತಾನೆ. ನೆದರ್ಲೆಂಡ್ಸ್ ದೇಶವಂತೂ ಕಡಿತಗಳು ಇಳಿಯಲಿಲ್ಲವೆಂದು ತನ್ನ ಪಿಟ್‌ಬುಲ್ ನಿಷೇಧವನ್ನು 2008ರಲ್ಲಿ ಹಿಂತೆಗೆದುಕೊಂಡಿತು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಲೇಬೇಕು. ಎಲ್ಲ ನಾಯಿಗಳೂ ಕಚ್ಚಬಲ್ಲವು, ಆದರೆ ಎಲ್ಲ ಕಡಿತಗಳೂ ಒಂದೇ ಅಲ್ಲ. ಐವತ್ತು ಕಿಲೋ ತೂಗುವ, ಹಿಡಿದರೆ ಬಿಡದ ದವಡೆಯ ನಾಯಿ ಒಮ್ಮೆ ಎಡವಿದರೂ ಜೀವ ಹೋಗಬಹುದು. ಅಂಥ ನಾಯಿಯ ಯಜಮಾನ “ನಮ್ಮದು ಬಹಳ ಸಾಧು, ಏನೂ ಮಾಡುವುದಿಲ್ಲ” ಎನ್ನುತ್ತ ಹಗ್ಗವಿಲ್ಲದೆ ಉದ್ಯಾನಕ್ಕೆ ಕರೆತರುವುದು ಅಕ್ಷಮ್ಯ. ಮೈಗಾತ್ರ, ಬಲ ಎರಡೂ ತಳಿಯಿಂದಲೇ ಬರುವಂಥವು. ಆದುದರಿಂದ ದೊಡ್ಡ ನಾಯಿ ಸಾಕುವವರ ಮೇಲೆ ಹೆಚ್ಚಿನ ನಿರ್ಬಂಧ ಹೇರಿದರೆ, ಸಾರ್ವಜನಿಕ ಸ್ಥಳದಲ್ಲಿ ಮೂತಿಗೆ ಕುಕ್ಕೆ ಕಡ್ಡಾಯ ಮಾಡಿದರೆ, ನಾಯಿಪ್ರಿಯನಾದ ನನ್ನ ಆಕ್ಷೇಪ ಖಂಡಿತ ಇಲ್ಲ.

ಸಾಕುವವರಲ್ಲಿ ಬೇರೂರಿದ ಒಂದು ತಪ್ಪು ಅಭ್ಯಾಸದ ಬಗ್ಗೆಯೂ ಹೇಳಬೇಕು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಮಗುವನ್ನು ನಾಯಿಯ ಬಳಿಗೆ ಬಿಡುವವರಿದ್ದಾರೆ. ಬೊಗಳುವ ನಾಯಿ ಕಚ್ಚಬಲ್ಲದು. ಇದಕ್ಕಿಂತ ಅಪಾಯಕಾರಿಯಾದದ್ದು, ಗುರುಗುಟ್ಟಿದ ನಾಯಿಯನ್ನು ಹೊಡೆಯುವುದು. ಗುರುಗುಟ್ಟುವುದೆಂದರೆ ‘ಇಷ್ಟಕ್ಕೇ ನಿಲ್ಲಿಸು’ ಎಂದು ನಾಯಿ ತನ್ನ ಭಾಷೆಯಲ್ಲಿ ಕೊಡುವ ಎಚ್ಚರಿಕೆ. ಅದಕ್ಕೂ ಮೊದಲು ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಿನಿಂದ ನೋಡುವುದು, ಮೈಯನ್ನು ಸೆಟೆಸಿ ನಿಲ್ಲುವುದು ಎಲ್ಲವೂ ಆಗಿಹೋಗಿರುತ್ತವೆ, ನಾವು ಕಂಡಿರುವುದಿಲ್ಲ. ಪ್ರತಿ ಸಲ ಗುರುಗುಟ್ಟಿದಾಗಲೂ ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಅದರ ಭಯ ಮಾತ್ರ ಒಳಗೇ ಉಳಿಯುತ್ತದೆ. ‘ಏನೂ ಸುಳಿವು ಕೊಡದೆ ಏಕಾಏಕಿ ಕಚ್ಚಿತು’ ಎಂದು ಹೇಳುವ ಮನೆಗಳಲ್ಲಿ ಆ ಸುಳಿವನ್ನು ಹೊಡೆದು ಹೊಡೆದು ಮರೆಸಿದವರು ಯಾರೆಂದು ವಿಚಾರಿಸಬೇಕು.

ನಮ್ಮ ನಾಡಿನ ಹಿರಿಯರು ನಾಯಿಯನ್ನು ಅದರ ನಡತೆಯಿಂದ ಗುರುತಿಸುತ್ತಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು, ಗಂಗರ ಬೂತುಗನಿಂದ ಮಣಲೇರನು ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಒಟ್ಟಿಗೆ ಸತ್ತದ್ದನ್ನು ದಾಖಲಿಸಿದೆ. ಸಾವಿರ ವರ್ಷದ ಹಿಂದಿನ ಆ ಕಲ್ಲು ನಮಗೆ ಉಳಿಸಿಕೊಟ್ಟಿರುವುದು ಒಂದು ನಾಯಿಯ ಹೆಸರನ್ನು ಮತ್ತು ಅದು ಮಾಡಿದ ಕೆಲಸವನ್ನು.

ಹೊಸ ಕಾನೂನು ಬೇಕೆನ್ನುವ ಮೊದಲು ಇರುವ ಕಾನೂನನ್ನು ಜಾರಿ ಮಾಡಲಿ ಎಂಬುದು ನನ್ನ ಬೇಡಿಕೆ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲೇ ಕೇಂದ್ರ ಸರ್ಕಾರ ಮಾಡಿದ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ನಮ್ಮ ಊರುಗಳಲ್ಲಿ ಮಾತ್ರ ಮೂವತ್ತು, ನಲವತ್ತೈದು ದಿನದ ಮರಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ರಾಜಾರೋಷವಾಗಿ ಕೈ ಬದಲಾಯಿಸುತ್ತಿವೆ. ಮುಧೋಳದ ಆ ಹಿರಿಯ ಹೆಣ್ಣುಮಗಳು ಯಾವ ನಿಯಮವನ್ನೂ ಓದದೆ ಪಾಲಿಸಿದ್ದನ್ನು ನಗರದ ವ್ಯಾಪಾರಿಗಳು ಓದಿಯೂ ಪಾಲಿಸುತ್ತಿಲ್ಲ. ಹಾಗೆಯೇ, ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡಕ್ಕೆ ಅವಕಾಶವಿದೆ. ನಮ್ಮ ಬೀದಿಯ ಮಗುವಿನ ತೋಳಿಗೆ ಹೊಲಿಗೆ ಹಾಕಿಸಿದ ಮೇಲೆ ದೂರು ಕೊಡುವವರು ಯಾರೂ ಇರಲಿಲ್ಲ, ನಾನೂ ಕೊಡಲಿಲ್ಲ. ಆ ಲ್ಯಾಬ್ರಡಾರನ್ನು ಎಲ್ಲಿಗೋ ಸಾಗಿಸಿದರು, ಕೆಲವೇ ತಿಂಗಳಲ್ಲಿ ಅದೇ ಸರಪಳಿಗೆ ಇನ್ನೊಂದು ಮರಿ ಬಂತು.

ನಗರಸಭೆ, ಮಹಾನಗರ ಪಾಲಿಕೆಗಳು ಸಾಕುನಾಯಿಗೆ ಪರವಾನಗಿ ನೀಡುವಾಗ ತಳಿಯ ಹೆಸರನ್ನು ಬರೆಯಿಸಿಕೊಂಡು ಸುಮ್ಮನಾಗದೆ, ಮರಿಯನ್ನು ಎಷ್ಟು ವಾರಕ್ಕೆ ತಂದಿರಿ, ಮಾರಿದವರ ನೋಂದಣಿ ಸಂಖ್ಯೆ ಏನು, ನಾಯಿ ದಿನದಲ್ಲಿ ಎಷ್ಟು ಹೊತ್ತು ಕಟ್ಟಿಹಾಕಿರುತ್ತದೆ, ಈ ಹಿಂದೆ ನಿಮ್ಮ ಮನೆಯ ನಾಯಿ ಯಾರನ್ನಾದರೂ ಕಚ್ಚಿದ್ದಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನೂ ಅರ್ಜಿಯಲ್ಲಿ ಸೇರಿಸಲಿ. ನಾಲ್ಕನೆಯದಕ್ಕೆ ಹೌದೆಂಬ ಉತ್ತರ ಬಂದರೆ ಪಶುವೈದ್ಯರೊಬ್ಬರು ಆ ಮನೆಗೆ ಹೋಗಿ ನೋಡಿ ಬರುವವರೆಗೆ ಪರವಾನಗಿಯನ್ನು ತಡೆಹಿಡಿಯಲಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಧಾರವಾಡ