ಸರ್ಟಿಫಿಕೇಟಿನ್ಯಾಗ ಏನೈತಿ? (ಗೆಳೆಯನಿಗೊಂದು ಪತ್ರ)

ದೋಸ್ತ,

ಇದನ್ನು ನಿನಗೊಬ್ಬನಿಗೇ ವಾಟ್ಸಾಪಿನಲ್ಲಿ ಕಳಿಸಬಹುದಿತ್ತು. ಆದರೆ ಅಲ್ಲಿ ನೀನು ಓದುವುದಿಲ್ಲ, ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತೀ. ಅದಕ್ಕೇ ನಾಲ್ಕು ಮಂದಿಯ ಎದುರಿಗೆ ಬರೆಯುತ್ತಿದ್ದೇನೆ. ಸಪ್ತಾಪುರದ ರೂಮಿನ ಬಕೆಟ್ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಿಮ್ಮ ವೈನಿಗೆ, ಅಂದರೆ ನಮ್ಮಾಕಿಗೆ, ಐವತ್ತು ತುಂಬಿತು. ಜೂನ್ 1, ರವಿವಾರ. ಪುಣೆಯಿಂದ ರಾತ್ರಿ ಬಸ್ಸು ಹತ್ತುತ್ತೇನೆ ಅಂದವನು ನೀನು ಬರಲಿಲ್ಲ. ಏನು ಕಳೆದುಕೊಂಡೆ ಅಂತ ಕೇಳು. ಟೆರೇಸಿನ ಮೇಲೆ ಪೆಂಡಾಲು ಹಾಕಿಸಿದ್ದೆ. ಖಾನಾವಳಿಯಿಂದ ಇಬ್ಬರು ಅಕ್ಕೋರು ಬಂದು ಒಂದು ಮೂಲೆಯಲ್ಲಿ ಕೂತು ರೊಟ್ಟಿ ಬಡಿದರು. ಆ ಪಟ್ ಪಟ್ ಸದ್ದಿಗೇ ಪಕ್ಕದ ಮನೆಯವರು ಕರೆಯದೆ ಬಂದರು. ಎಣಗಾಯಿ, ಮಡಕಿ ಕಾಳಿನ ಪಲ್ಯ, ಜುನಕದ ವಡಿ, ಶೇಂಗಾ ಹಿಂಡಿ, ಮೇಲೆ ಗೋಧಿ ಹುಗ್ಗಿ. ಲೈನ್ ಬಜಾರಿನಲ್ಲಿ ಒಂದು ತಾಸು ಪಾಳಿ ಹಚ್ಚಿ ಫೇಡೆ ತಂದೆ. ಮಗಳು ಬೆಂಗಳೂರಿನಿಂದ ಬಂದು ಕೇಕು ತರಿಸಿದಳು. ಅದರ ಮೇಲೆ 5 ಮತ್ತು 0 ಆಕಾರದ ಎರಡು ಮೇಣದಬತ್ತಿ. ನಾನು ಭಾಷಣ ಮಾಡಿದೆ. ಏಳು ನಿಮಿಷ. ಚಪ್ಪಾಳೆ ಬಿತ್ತು. ನಾನು ಮುಗಿಸಿದ್ದಕ್ಕೆ ಬಿತ್ತು ಅಂತ ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ.

ಚಾಕು ಕೇಕಿನ ಮೇಲೆ ಇಡಬೇಕು ಅನ್ನುವಷ್ಟರಲ್ಲಿ ನವಲಗುಂದದ ಕಡೆಯಿಂದ ಬಂದಿದ್ದ ನಮ್ಮ ಅತ್ತಿ ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಇದೇನ್ರೀ ಅಳಿಯಂದರ, ಐವತ್ತು ಅಂತ ಬರದಾರ? ಅಕಿಗೆಲ್ಲಿ ಐವತ್ತು?"

ಎಲ್ಲರೂ ಸುಮ್ಮನಾದರು. ಅತ್ತಿಗೆ ಇಂಥ ಸುಮ್ಮನಿರುವ ಮಂದಿ ಸಿಗುವುದೇ ಅಪರೂಪ. ಶುರು ಮಾಡಿದರು.

"ಅಕಿ ಹುಟ್ಟಿದ್ದು ಸೀಗಿ ಹುಣ್ಣಿಮಿಗೆ. ಇಂದ್ರಾಗಾಂಧಿ ಎಮರ್ಜೆನ್ಸಿ ಹಾಕಿದ ವರ್ಸ. ದಿನ ತುಂಬಿದ್ವು, ಬ್ಯಾಡ ಅಂದ್ರೂ ಕೇಳದ ಹೊಲಕ್ಕ ನೈವೇದ್ಯದ ಚರಗಾ ಚೆಲ್ಲಾಕ ಹೋದೆ. ಭೂಮ್ತಾಯಿಗೆ ಉಡಿ ತುಂಬಿ ಬಂದೆ. ಬೆಳಗಾಗೂದ್ರಾಗ ನನ್ನ ಉಡಿನೂ ತುಂಬಿತ್ತು."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಎಮರ್ಜೆನ್ಸಿ ಬಂದದ್ದು 1975ರ ಜೂನ್ 25ಕ್ಕೆ. ಸೀಗಿ ಹುಣ್ಣಿಮೆ ಅಂದರೆ ಅಕ್ಟೋಬರ್. ಆ ವರ್ಷ ಜೂನ್ 1ಕ್ಕೆ ಎಮರ್ಜೆನ್ಸಿಯೂ ಹುಟ್ಟಿರಲಿಲ್ಲ, ನಮ್ಮಾಕಿಯೂ ಹುಟ್ಟಿರಲಿಲ್ಲ. ನೂರು ಮಂದಿಯನ್ನು ಕರೆದು, ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಐವತ್ತರ ಹಾರ ಹಾಕಿ ನಿಂತಿದ್ದೆ. ತಂಗಿಯ ಮಗ ಕೇಕಿನಿಂದ ಸೊನ್ನೆ ಕಿತ್ತು, "ಮಾಮಿಗೆ ಈಗ ಐದು" ಅಂದ. ಪೆಂಡಾಲು ಹಾರಿ ಹೋಗುವ ಹಾಗೆ ನಕ್ಕರು.

ಜೂನ್ 1ರ ಕಥೆ ನಿನಗೆ ಹೇಳಬೇಕಾ? ನಿನ್ನದೂ ಅದೇ. ನಮ್ಮ ಕ್ಲಾಸಿನಲ್ಲಿ ಯಾರದಲ್ಲ? ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಬೇಕು. ಕೈ ತಲೆಯ ಮೇಲಿಂದ ಆ ಕಡೆಯ ಕಿವಿಗೆ ಮುಟ್ಟಿದರೆ ಸಾಕು, ಮಾಸ್ತರರು ಜೂನ್ 1 ಬರೆದು ಒಳಗೆ ಕೂಡಿಸುತ್ತಿದ್ದರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕಲ್ಲ, ಅದಕ್ಕೇ ಪ್ರತಿ ವರ್ಷ ಮೇ 31ಕ್ಕೆ ಸರ್ಕಾರಿ ಕಚೇರಿಗಳಲ್ಲಿ ಅಷ್ಟೊಂದು ಶಾಲು, ಹಾರ. ಎಲ್ಲ ಆ ಮಾಸ್ತರರ ಪೆನ್ನಿನ ಪ್ರತಾಪ. ನನಗೆ ಮಾತ್ರ ಮೇ 15 ಬರೆದಿದ್ದಾರೆ. ಅವತ್ತು ಅವರಿಗೂ ಬೇಜಾರು ಬಂದಿರಬೇಕು.

ರಾತ್ರಿ ಮಂದಿಯೆಲ್ಲ ಹೋದ ಮೇಲೆ ನಮ್ಮಾಕಿ ಅಡಿಗೆಮನೆಯಲ್ಲಿ ಉಳಿದ ಫೇಡೆಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ನಾನು ಗತ್ತಿನಿಂದಲೇ ಕೇಳಿದೆ. "ಅಲ್ಲಾ, ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದೆ" ಅಂದಳು. ಕೈ ನಿಲ್ಲಿಸಲೂ ಇಲ್ಲ. "ಮದುವ್ಯಾಗಿ ಎರಡು ತಿಂಗಳಾಗಿತ್ತು. ಜಂಟಿ ಖಾತೆ ತಗೀಬೇಕು ಅಂತ ಫಾರ್ಮ್ ತಂದಿದ್ರಿ. ಹುಟ್ಟಿದ ತಾರೀಖು ಯಾವುದು ಅಂದ್ರಿ. ಖರೇ ಅಂದ್ರ ನಾ ಸೀಗಿ ಹುಣ್ಣಿಮಿ ದಿನ, ಅಂತ ಶುರು ಮಾಡಿದೆ. 'ಅದೆಲ್ಲಾ ಬ್ಯಾಡ, ಸರ್ಟಿಫಿಕೇಟಿನ್ಯಾಗ ಏನೈತಿ ಅದನ್ನ ಹೇಳು' ಅಂದ್ರಿ. ಹೇಳಿದೆ."

ನನಗೆ ಇದು ನೆನಪಿಲ್ಲ. ಆದರೆ ಆ ಮಾತು ನನ್ನದೇ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು, ಅದೇ ದನಿಯಲ್ಲಿ ಹೇಳಿ ತೋರಿಸಿದಳು.

ಉಳಿದವರು ಇಲ್ಲಿಂದ ಸ್ವಲ್ಪ ಬಿಟ್ಟು ಓದಿ, ಇದು ಇವನಿಗೆ ಮಾತ್ರ.

ಸೀಗಿ ಹುಣ್ಣಿಮೆಗೆ ನಮ್ಮಾಕಿ ಏನು ಮಾಡುತ್ತಾಳೆ ಗೊತ್ತಾ? ತಲೆಯ ಮೇಲೆ ನೀರು ಹಾಕಿಕೊಂಡು, ಟೋಪ್ ತೆನಿ ಸೆರಗಿನ ಇಳಕಲ್ ಸೀರೆ ಉಡುತ್ತಾಳೆ. ಧಾರವಾಡದಲ್ಲಿ ನಮಗೆಲ್ಲಿಯ ಹೊಲ? ಅಂಗಳದ ಕುಂಡಗಳಿಗೇ ಚರಗ ಚೆಲ್ಲುತ್ತಾಳೆ. ಆಮೇಲೆ ಊಟಕ್ಕೆ ಕೂತಾಗ ತನ್ನ ತಟ್ಟೆಗೆ ಒಂದು ಕಡಬು ಜಾಸ್ತಿ ಹಾಕಿಕೊಳ್ಳುತ್ತಾಳೆ. ಬೇರೆ ದಿನ ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವವಳು. ನಾನು ಇದನ್ನು ನೋಡಿದ್ದೇನೆ. ನೋಡಿ ಚೇಷ್ಟೆಯನ್ನೂ ಮಾಡಿದ್ದೇನೆ. "ಶುಗರ್ ಬಂದೀತು ನೋಡು" ಅಂದಿದ್ದೇನೆ. ನಕ್ಕು ತಿಂದಿದ್ದಾಳೆ. ಇಪ್ಪತ್ತೇಳು ವರ್ಷ ಅಕಿ ತನ್ನ ಹುಟ್ಟುಹಬ್ಬವನ್ನು ನನ್ನ ಎದುರಿಗೇ ಕೂತು, ಒಬ್ಬಳೇ ಮಾಡಿಕೊಂಡಿದ್ದಾಳೆ.

ನನ್ನದು? ಸರ್ಟಿಫಿಕೇಟಿನಲ್ಲಿ ಮೇ 15 ಇರಲಿ, ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ ಅಂತ ಅವ್ವ ಅಕಿಗೆ ಹೇಳಿದ್ದಳು. ಒಂದೇ ಸಲ. ಅಂದಿನಿಂದ ಒಂದು ವರ್ಷವೂ ಆ ದಿನದ ಹೂರಣದ ಹೋಳಿಗೆ ತಪ್ಪಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ತಿಜೋರಿ ತೆಗೆದು ಅಕಿಯ ಕಾಗದಗಳನ್ನು ನೋಡುತ್ತ ಕೂತೆ. ಪಾಸ್‌ಬುಕ್ಕು, ವಿಮೆ, ರೇಷನ್ ಕಾರ್ಡಿನ ಅರ್ಜಿ, ಮಗಳ ಶಾಲೆಯ ಫಾರ್ಮಿನ ನಕಲು. ಎಲ್ಲದರಲ್ಲೂ ಮೇಲಿನಿಂದ ಕೆಳಗಿನವರೆಗೆ ನನ್ನ ಅಕ್ಷರ. ಕೊನೆಗೆ ಒಂದು ಸಹಿ ಮಾತ್ರ ಅಕಿದು. ನಾನು ತುಂಬಿದ್ದನ್ನು ಓದದೇ ಹಾಕಿದ ಸಹಿ. ನಮ್ಮ ಬ್ರಾಂಚಿನ ಎಷ್ಟೋ ಖಾತೆದಾರರ ಸಹಿ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅವರ ಮಕ್ಕಳು ಎಲ್ಲಿದ್ದಾರೆ, ಯಾರ ಸಾಲ ಯಾಕೆ ನಿಂತಿದೆ, ಎಲ್ಲ ಗೊತ್ತು. ಇವಳು ಹೇಳಲು ಹೋದದ್ದನ್ನು ನಾನು ಇನ್ನೆಷ್ಟು ಸಲ ಸರ್ಟಿಫಿಕೇಟು ಕೇಳಿ ನಿಲ್ಲಿಸಿರಬಹುದು? ಇನ್ನು ನಾಲ್ಕು ವರ್ಷಕ್ಕೆ ರಿಟೈರ್ ಆಗಿ ಮನೆಗೆ ಬರುತ್ತೇನೆ. ದಿನವಿಡೀ ನಾವಿಬ್ಬರೇ. ಆಗ ಅಕಿ ಮಾತಾಡುವುದನ್ನೇ ಬಿಟ್ಟಿದ್ದರೆ? ಖರೇ ಹೇಳುತ್ತೇನೆ, ಹೆದರಿಕೆಯಾಯಿತು.

ಸಾಕು, ಜಾಸ್ತಿ ಆಯ್ತು. ಗೋಧಿ ಹುಗ್ಗಿ ಹೊಟ್ಟೆಯಲ್ಲಿ ಭಾರವಾದರೆ ಹೀಗೆಲ್ಲ ಅನಿಸುತ್ತದೆ, ಸೋಡಾ ಕುಡಿದರೆ ಹೋಗುತ್ತದೆ ಅಂತ ನೀನು ಹೇಳುತ್ತೀ. ಕುಡಿದೆ. ಅರ್ಧ ಹೋಯಿತು.

ಮರುದಿನ ಸುಧಾರಿಸೋಣ ಅಂತ ಚಹಾದ ಹೊತ್ತಿಗೆ ಅಕಿಯ ಪಕ್ಕ ಕುರ್ಚಿ ಎಳೆದು ಕೂತೆ. ದನಿಯಲ್ಲಿ ಆದಷ್ಟು ಬೆಲ್ಲ ಹಾಕಿ, "ರಾತ್ರಿ ಎಷ್ಟು ಹೊತ್ತಿಗೆ ಹುಟ್ಟಿದಿ ನೀ?" ಅಂತ ಕೇಳಿದೆ.

ಅಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಯಾಕ್ರೀ, ಹೊಸಾ ಫಾರ್ಮ್ ಬಂದೈತೇನು?"

ಈ 5 ಮತ್ತು 0 ಎರಡನ್ನೂ ಕೇಕಿನ ಜಿಡ್ಡು ತೊಳೆದು ಚಮಚೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದಾಳೆ. ಅಕ್ಟೋಬರಿಗೆ ಬೇಕಾಗುತ್ತವಂತೆ. ಪೆಂಡಾಲಿನವನಿಗೆ ನಾನು ಹೇಳುತ್ತೇನೆ, ರೊಟ್ಟಿಯ ಖರ್ಚು ನಿನ್ನದು. ಈ ಸಲವೂ ತಪ್ಪಿಸಿದರೆ ಸಪ್ತಾಪುರದ ಕಥೆ ಫೋಟೋ ಸಮೇತ ಇಲ್ಲೇ ಹಾಕುತ್ತೇನೆ. ಬರುವಾಗ ಆ ಛತ್ರಿ ತಗೊಂಡು ಬಾ. ಯಾವ ಛತ್ರಿ ಅಂತ ಮಾತ್ರ ಕೇಳಬೇಡ.

ನಿನ್ನ
ಬಕೆಟ್