ಡುನೆಡಿನ್ ಗೆಲುವಲ್ಲಿ ದೇಸಾಯಿ ಹೆಸರೂ ಇರ್ಲಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣೀಲಿ ನಮ್ಮ ಫಾಸ್ಟ್ ಬೌಲರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಮಹಮದ್ ನಿಸಾರ್, ಅಮರ್ ಸಿಂಗ್ ಅಂತ ಶುರು ಮಾಡಿ ಅಲ್ಲಿಂದ ಸೀದಾ ಕಪಿಲ್ ದೇವ್‌ಗೆ ಹಾರಿಬಿಟ್ಟಿದ್ದಾರೆ, ಮಧ್ಯದ ನಲವತ್ತು ವರ್ಷ ಹೊಸ ಬಾಲ್ ಹಿಡಿದು ಓಡಿದವರೇ ಇರ್ಲಿಲ್ಲವೇನೋ ಅನ್ನೋ ಹಾಗೆ. ಓದಿ ಬೇಜಾರಾಯ್ತು. ಬಾಂಬೆಯ ಫಾಸ್ಟ್ ಬೌಲರ್ ರಮಾಕಾಂತ್ ದೇಸಾಯಿ ಹೆಸರು ಒಂದ್ ಕಡೆನೂ ಇಲ್ಲ.

ನಮ್ಮಪ್ಪ ಪೇಪರಲ್ಲಿ ಬರ್ತಿದ್ದ ಸ್ಕೋರ್‌ಕಾರ್ಡ್‌ಗಳನ್ನೆಲ್ಲ ಒಂದು ಉದ್ದನೇ ಲೆಕ್ಕದ ಪುಸ್ತಕದಲ್ಲಿ ಇಂಕ್ ಪೆನ್ನಲ್ಲಿ ಬರ್ಕೊಂಡು ಇಟ್ಟಿದ್ರು, ಅದು ಈಗ ನನ್ನ ಹತ್ರ ಇದೆ. ಅದ್ರಲ್ಲಿ 1968ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ನಡೆದ ಟೆಸ್ಟಿನ ಪುಟ ಇದೆ, ಹೊರದೇಶದಲ್ಲಿ ನಾವು ಗೆದ್ದ ಮೊಟ್ಟಮೊದಲ ಟೆಸ್ಟ್ ಅದು. ನಮ್ಮ ಸ್ಪಿನ್ನರ್ ಪ್ರಸನ್ನ ಎರಡನೇ ಇನ್ನಿಂಗ್ಸಲ್ಲಿ 94 ರನ್‌ಗೆ 6 ವಿಕೆಟ್ ತೆಗೆದಿದ್ದಕ್ಕೆ ಅಪ್ಪ ಕೆಳಗೆ ಎರಡು ಗೆರೆ ಎಳೆದಿದ್ದಾರೆ, ಮೈಸೂರಿನವರಲ್ವಾ, ಎಳೆಯದೇ ಇರ್ತಾರಾ. ಆದ್ರೆ ಅದೇ ಪುಟದ ಮೇಲ್ಗಡೆ ದೇಸಾಯಿ 32 ನಾಟೌಟ್ ಅನ್ನೋದರ ಸುತ್ತ ಒಂದು ಸೊನ್ನೆ ಸುತ್ತಿ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ದವಡೆ" ಅಂತ ಬರೆದಿದ್ದಾರೆ. ಚಿಕ್ಕವನಿದ್ದಾಗ ಅದೇನಪ್ಪ ಅಂತ ಕೇಳಿದ್ದೆ. ಅದರ ಕಥೆ ಹೀಗಿದೆ.

ನ್ಯೂಜಿಲೆಂಡ್ 350 ಹೊಡೆದಿತ್ತು, ನಮ್ಮದು 302ಕ್ಕೆ 9 ವಿಕೆಟ್ ಹೋಗಿತ್ತು, ಇನ್ನೂ 48 ರನ್ ಹಿಂದೆ. ಡಿಕ್ ಮೋಟ್ಜ್ ಹಾಕಿದ ಬಾಲ್ ಬಡಿದು ದೇಸಾಯಿ ದವಡೆ ಮೂಳೆ ಮುರೀತು, ಆಗ ಹೆಲ್ಮೆಟ್ ಅನ್ನೋದೇ ಇರ್ಲಿಲ್ಲ. ಮನುಷ್ಯ ಕ್ರೀಸ್ ಬಿಟ್ಟು ಹೋಗ್ಲಿಲ್ಲ. ಬಿಷನ್ ಬೇಡಿ ಜೊತೆ ಕೊನೇ ವಿಕೆಟ್‌ಗೆ 57 ರನ್ ಸೇರಿಸಿದ್ರು, 359 ಆಯ್ತು, ಹಿಂದೆ ಇದ್ದವರು 9 ರನ್ ಮುಂದೆ ಬಂದ್ವಿ. ಪ್ರಸನ್ನ ಬಾಲ್ ತಿರುಗಿಸೋಕೆ ಶುರು ಮಾಡಿದ್ದು ಆಮೇಲೆ. ಆ 57 ಇಲ್ದೇ ಇದ್ದಿದ್ರೆ ಆ ಮ್ಯಾಚ್ ಯಾವ ಕಡೆ ವಾಲ್ತಿತ್ತೋ ಏನೋ. ದೇಸಾಯಿಗೆ ಅದೇ ಕೊನೇ ಟೆಸ್ಟ್.

ಬೌಲಿಂಗ್ ವಿಷಯಕ್ಕೆ ಬಂದ್ರೆ, 28 ಟೆಸ್ಟಲ್ಲಿ 74 ವಿಕೆಟ್, ಸರಾಸರಿ 37ರ ಮೇಲೆ, ಇದನ್ನ ನೋಡಿ "ಏನ್ ಮಹಾ" ಅನ್ನೋರಿದ್ದಾರೆ. ಅವರು 1959ರ ಡೆಲ್ಲಿ ಟೆಸ್ಟ್ ನೋಡ್ಬೇಕು. ಒಂದೇ ಸರಣಿಗೆ ನಾಲ್ಕು ಕ್ಯಾಪ್ಟನ್ ಬದಲಾಯಿಸಿದ್ದ ಆ ಗೊಂದಲದ ತಂಡಕ್ಕೆ 19 ವರ್ಷದ ಹುಡುಗನ್ನ ತಂದು ವೆಸ್ಟ್ ಇಂಡೀಸ್ ಎದುರು ನಿಲ್ಲಿಸಿದ್ರು, ಅವರು 8 ವಿಕೆಟ್‌ಗೆ 644 ಹೊಡೆದ್ರು, ಈ ಹುಡುಗ 49 ಓವರ್ ಹಾಕಿ 4 ವಿಕೆಟ್ ತೆಗೆದ. ಫಾಸ್ಟ್ ಬೌಲರ್ ಕೈಲಿ, ಅದೂ ಮೊದಲನೇ ಟೆಸ್ಟಲ್ಲಿ, ಒಂದೇ ಇನ್ನಿಂಗ್ಸಲ್ಲಿ 49 ಓವರ್! ಎತ್ತರ ಐದಡಿ ನಾಲ್ಕಿಂಚಿನ ಆಸುಪಾಸು, ಅದಕ್ಕೇ ಟೈನಿ ಅಂತ ಕರೀತಿದ್ರು, ಆದ್ರೂ ಬೌನ್ಸರ್ ಹಾಕೋಕೆ ಹಿಂದೆಮುಂದೆ ನೋಡ್ತಿರ್ಲಿಲ್ಲ. ಇನ್ನೊಂದು ತುದಿಯಿಂದ ಸರಿಸಮನಾಗಿ ಓಡಿಬರೋ ಜೊತೆಗಾರ ಸಿಕ್ಕಿದ್ದೇ ಕಮ್ಮಿ, ಪಿಚ್‌ಗಳೋ ಸತ್ತ ಪಿಚ್‌ಗಳು. ಅದೇ ವರ್ಷ ಜೂನಲ್ಲಿ ಲಾರ್ಡ್ಸಲ್ಲಿ 89ಕ್ಕೆ 5 ವಿಕೆಟ್ ತೆಗೆದಾಗ 20 ತುಂಬೋಕೆ ಒಂದೆರಡು ದಿನ ಬಾಕಿ ಇತ್ತು. 1960-61ರಲ್ಲಿ ಪಾಕಿಸ್ತಾನದ ಹನೀಫ್ ಮೊಹಮ್ಮದ್, ಕ್ರೀಸಿಗೆ ಬಂದ್ರೆ ಅಲ್ಲೇ ಬಿಡಾರ ಹೂಡೋ ಆಸಾಮಿ, ಆತನ್ನ ಒಂದೇ ಸರಣೀಲಿ ನಾಲ್ಕು ಸಲ ಔಟ್ ಮಾಡಿದ್ರು, ಮೇಲಿಂದ ಬಾಂಬೆ ಟೆಸ್ಟಲ್ಲಿ ಹತ್ತನೇ ನಂಬರಿಗೆ ಬಂದು 85 ಬೇರೆ ಹೊಡೆದ್ರು.

ರಣಜೀಲಿ ಅವರ ಬಾಂಬೆ 1958-59ರಿಂದ ಸತತ 15 ವರ್ಷ ಗೆಲ್ತು, ದೇಸಾಯಿ ಆಡೋಕೆ ಶುರು ಮಾಡಿದ್ದೂ ಆ ವರ್ಷವೇ, ಮೊದಲ ಸೀಸನ್ನಲ್ಲೇ 50 ವಿಕೆಟ್. ಆ ಸರಪಳಿ ಮುರಿದಿದ್ದು 1974ರಲ್ಲಿ ಬೆಂಗಳೂರಿನ ಸೆಮಿಫೈನಲಲ್ಲಿ ಪ್ರಸನ್ನ ನಾಯಕತ್ವದ ನಮ್ಮ ಕರ್ನಾಟಕ, ಅಷ್ಟೊತ್ತಿಗೆ ದೇಸಾಯಿ ಆಟ ಬಿಟ್ಟಿದ್ರು. ಆ ಸೆಮಿಫೈನಲ್ ಕಥೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಮುರಿದಿದ್ದು ಎಂಥಾ ಸರಪಳಿ ಅಂತ ಗೊತ್ತಾಗ್ಬೇಕಾದ್ರೆ ಅದನ್ನ ಕಟ್ಟಿದವರ ಹೆಸರೂ ನಮ್ಮ ಹುಡುಗರಿಗೆ ಗೊತ್ತಿರ್ಬೇಕಲ್ವಾ?

ದೇಸಾಯಿ ಆಮೇಲೆ ಆಯ್ಕೆ ಸಮಿತಿ ಅಧ್ಯಕ್ಷರೂ ಆಗಿದ್ರು, 1998ರ ಏಪ್ರಿಲಲ್ಲಿ ತೀರಿಕೊಂಡ್ರು, 59 ಕೂಡ ತುಂಬಿರ್ಲಿಲ್ಲ.

ನನ್ನ ಕೋರಿಕೆ ಇಷ್ಟೇ. ಪ್ರತಿ ಫೆಬ್ರವರಿ ನೀವು ಡುನೆಡಿನ್ ಗೆಲುವನ್ನ ನೆನೆಸ್ಕೊಂಡಾಗ ಪ್ರಸನ್ನ ಅವರ 6 ವಿಕೆಟ್ ಪಕ್ಕದಲ್ಲೇ ಆ 32 ನಾಟೌಟನ್ನೂ ಹಾಕಿ. ಅಪ್ಪನ ಪುಸ್ತಕದ ಆ ಪುಟ ಬೇಕಿದ್ರೆ ಫೋಟೋ ತೆಗೆದು ಕಳಿಸ್ತೀನಿ, ಇಂಕು ಸ್ವಲ್ಪ ಮಾಸಿದೆ, ಆದ್ರೆ "ದವಡೆ" ಅನ್ನೋದು ಇನ್ನೂ ಚೆನ್ನಾಗಿ ಕಾಣ್ಸುತ್ತೆ.

ಇಂತಿ,
ನಿಮ್ಮ ಹಳೇ ಓದುಗ, ಮೈಸೂರು